ಯಾರೂ ಎತ್ತಿಕೊಳ್ಳದ ಹಿಮ್ಮೇಳ

ವೆಲ್ಡ್‌ಹೋವನ್
ನವೆಂಬರ್ ೨೬, ಬುಧವಾರ

ಪ್ರೀತಿಯ ಅವ್ವಾ,

ನಿನ್ನ ಮಂಡಿನೋವು ಹೇಗಿದೆ? ಇಲ್ಲಿಂದ ಊರಿಗೆ ಮರಳುವಾಗ ವಿಮಾನದಲ್ಲಿ ಅಷ್ಟು ಹೊತ್ತು ಕೂತು ಊದಿಕೊಂಡಿತ್ತಲ್ಲ, ಇಳಿಯಿತೇ? ಇಲ್ಲಿ ಚಳಿ ಬಿದ್ದಿದೆ, ಸೈಕಲ್ಲಿನ ಹ್ಯಾಂಡಲ್ ಮುಟ್ಟಿದರೆ ಕೈ ಮರಗಟ್ಟುತ್ತದೆ. ನೀನು ಕುಟ್ಟಿಕೊಟ್ಟ ಶೇಂಗಾ ಚಟ್ನಿ ಮುಗಿಯುತ್ತಾ ಬಂತು. ಫೋನಿನಲ್ಲಾದರೆ "ಉಂಡಿಯೇನವ್ವಾ" ಎಂದು ಕೇಳಿಯೇ ನನ್ನ ಬಾಯಿ ಕಟ್ಟಿಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ನಿಧಾನವಾದರೂ ನೀನೇ ಓದಿಕೋ, ಬೇರೆಯವರ ಕೈಗೆ ಕೊಡಬೇಡ.

ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವದ ದಿನದ ಮಾತು. ನಿರೂಪಣೆ ಮಾಡುತ್ತಿದ್ದ ಸಂಘದ ಹುಡುಗಿ ಸಿಂಧೂರ ಮೈಕಿನಲ್ಲಿ, "ಇವ್ರ ಸೀಮೇಲಿ ಡಪ್ಪು ಹಿಡಿದು ಗೀಗೀ ಪದ ಹಾಡಿದ ಫಸ್ಟ್ ಲೇಡಿ, ನಮ್ಮ ನವ್ಯಾ ಅವರ ತಾಯಿ ಕಾಶಮ್ಮ" ಎಂದಳು. ಇಳಕಲ್ ಸೀರೆಯ ಕೆಳಗೆ ನನ್ನ ಉಣ್ಣೆಯ ಕಾಲುಚೀಲ ಹಾಕಿಕೊಂಡು ನೀನು ವೇದಿಕೆ ಹತ್ತಿದೆ. ಮೊದಲ ಸೊಲ್ಲು ಮುಗಿಸಿ, ಡಪ್ಪು ಬಡಿದು, ನನ್ನ ಕಡೆ ನೋಡಿದೆ. ಹಿಮ್ಮೇಳದವರು ಗೀಗೀ ಎಂದು ಎತ್ತಿಕೊಳ್ಳದಿದ್ದರೆ ಪದ ಮುಂದೆ ಹೋಗದು ಎಂದು ಆ ಸಭೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಪಕ್ಕದಲ್ಲಿ ನಮ್ಮ ಡಚ್ ಮ್ಯಾನೇಜರ್ ಕೂತಿದ್ದಳು. ಗಂಟಲು ಹರಿಯುವ ಹಾಗೆ ಕೂಗಬೇಕಲ್ಲ, ಏನಂದುಕೊಂಡಾಳೋ ಎನ್ನಿಸಿತು. ವಿಡಿಯೋ ಮಾಡುವವಳಂತೆ ಮೊಬೈಲ್ ಎತ್ತಿ ಮುಖ ಮರೆಮಾಡಿಕೊಂಡೆ. ನೀನು ಇನ್ನೊಂದು ಸಲ ಡಪ್ಪು ಬಡಿದು ಕಾದೆ. ಆಮೇಲೆ ನಿನ್ನ ಸೊಲ್ಲಿಗೆ ನೀನೇ ಗೀಗೀ ಎಂದುಕೊಂಡು ಪದ ಮುಗಿಸಿದೆ. ಮ್ಯಾನೇಜರ್ ಕಣ್ಣೊರೆಸಿಕೊಂಡು, "ನಿನಗೂ ಇದು ಬರುತ್ತದೆಯೇ" ಎಂದು ನನ್ನನ್ನು ಕೇಳಿದಳು. ಇಲ್ಲ ಎಂದೆ.

ನೀನು ಮೊದಲು ಡಪ್ಪು ಹಿಡಿದಾಗ ಹೆಂಗಸಿನ ಹಿಂದೆ ನಿಂತು ಹಾಡಲು ಯಾವ ಗಂಡಸೂ ಒಪ್ಪಲಿಲ್ಲ. ಹಾಲಪ್ಪ ಕಾಕಾ ಒಬ್ಬರೇ ತುಂತುಣಿಯ ತಂತಿ ಮೀಟುತ್ತಾ ನಿನ್ನ ಹಿಂದೆ ನಿಂತರು, ಊರವರ ಬೈಗುಳವನ್ನೆಲ್ಲ ತಿಂದರು ಎಂದು ನೀನೇ ಎಷ್ಟು ಸಲ ಹೇಳಿದ್ದೀ. ಈಗ ಊರೂರಿನ ಹುಡುಗಿಯರು ಡಪ್ಪು ಬಡಿಯುತ್ತಾರೆ, ಎಲ್ಲ ನೀನು ಮಾಡಿಕೊಟ್ಟ ದಾರಿ. ನಿನ್ನ ಹೊಟ್ಟೆಯಲ್ಲಿ ಹುಟ್ಟಿದ ನಾನು ಮಾತ್ರ ಬಾಯಿ ಮುಚ್ಚಿ ಕೂತೆ. ಅಂದು ಬಸ್ಸಿನಲ್ಲಿ ನನ್ನ ಶಾಲು ಸರಿಮಾಡುತ್ತಾ, "ಥಂಡಿ ಭಾಳ ಐತಿ, ಹೊಚ್ಕೋ" ಎಂದೆಯಲ್ಲ, ಅದರ ಬದಲು ಕೆನ್ನೆಗೆ ಎರಡು ಕೊಟ್ಟಿದ್ದರೆ ಚೆನ್ನಾಗಿತ್ತು. ನನಗೆ ತುಂಬಾ ನಾಚಿಕೆಯಾಗುತ್ತಿದೆ, ಅವ್ವಾ.

ಮಂಡಿಗೆ ದಿನಾ ಎಣ್ಣೆ ತಿಕ್ಕಿಕೋ, ಸೋಮಾರಿತನ ಮಾಡಬೇಡ. ಓಣಿಯ ಹಿರಿಯರಿಗೆಲ್ಲ ನನ್ನ ಶರಣು ತಿಳಿಸು.

ನಿನ್ನ ಮಗಳು,
ನವ್ಯಾ

ತಾ.ಕ.: ಅಂಚೆಗೆ ಹಾಕಲು ಹೊರಟಿದ್ದೆ, ಅಷ್ಟರಲ್ಲಿ ಹಾಲಪ್ಪ ಕಾಕಾ ಫೋನು ಮಾಡಿದರು. "'ಪರದೇಶದಾಗ ನನ್ನ ಮಗಳು ಎದ್ದು ನಿಂತು ಹಿಮ್ಮೇಳ ಹಿಡದ್ಲು' ಅಂತ ನಿಮ್ಮವ್ವ ಊರ ತುಂಬ ಹೇಳಾಕತ್ತಾಳ. ಖರೇನವ್ವಾ?" ಎನ್ನುತ್ತಾ ಅತ್ತೇಬಿಟ್ಟರು. ಹೌದು ಕಾಕಾ ಎಂದುಬಿಟ್ಟೆ.