ಮೂರನೆಯ ಪೆಟ್ಟಿಗೆಯ ತಕರಾರು

ಮಾರ್ಚ್ 3, ಸೋಮವಾರ

ಬೆಳಗಿನ ಬ್ಯಾಕಪ್ ಫೇಲ್. ಮತ್ತೆ. ಪೆಟ್ಟಿಗೆ ಮೇಲೆ ಪೆಟ್ಟಿಗೆ ಜೋಡಿಸಿದ, ನಮ್ಮ ಆಸ್ಪತ್ರೆಯ ಹಳೆಯ ದಾಖಲೆಗಳಿರುವ ಟೇಪ್ ಲೈಬ್ರರಿಯ ಮೇಲೆ ಕೆಂಪು ದೀಪ, ಸ್ಕ್ರೀನಿನಲ್ಲಿ ಅದೇ ರಾಗ — ‘ಮಾಡ್ಯೂಲ್ 3 ಹೊಂದುತ್ತಿಲ್ಲ’. ಮೂರನೆಯ ಪೆಟ್ಟಿಗೆಯನ್ನು ಮೊನ್ನೆ ಶನಿವಾರವಷ್ಟೇ ಬದಲಾಯಿಸಿದ್ದು. ಹಳೆಯದು ಸತ್ತಿತ್ತು. ಸ್ಟೋರ್‌ರೂಮಿನಲ್ಲಿದ್ದ ಅಂಥದ್ದೇ ಇನ್ನೊಂದನ್ನು ನಮ್ಮ ಹಾರ್ಡ್‌ವೇರ್ ಹುಡುಗ, ನಾವು ‘ಮೀಸೆ’ ಅನ್ನುವವನು, ತಂದು ಕೂರಿಸಿದ.

ಕೇಬಲ್ ತೆಗೆದು ಹಾಕಿದೆ. ಪೆಟ್ಟಿಗೆಗಳನ್ನು ಒಂದಕ್ಕೊಂದು ಬಿಗಿಯುವ ಲಾಕ್ ನೋಡಿದೆ. ರೀಸ್ಟಾರ್ಟ್. ಟೇಪ್ ಎತ್ತಿಕೊಡುವ ರೋಬೋಟ್ ಕೈ ಒಂಚೂರು ಎದ್ದು ಮತ್ತೆ ಕೂತುಬಿಟ್ಟಿತು. ಹಟಮಾರಿ.

ಬೇರೆ ಸಮಯವಾಗಿದ್ದರೆ ಲೈಬ್ರರಿ ಮಾರಿದ ಕಂಪನಿಯವರು ಬರಲಿ ಎಂದು ಕಾಯುತ್ತಿದ್ದೆ. ಈಗ ಆಗದು. ಅತ್ತೆಯ ತಲೆಯ ಸ್ಕ್ಯಾನಿನಲ್ಲಿ ಒಂದು ಚುಕ್ಕೆ ಕಂಡಿದೆ. ಆರು ವರ್ಷದ ಹಿಂದೆ ಮೆಟ್ಟಿಲಿನಿಂದ ಬಿದ್ದಾಗ ಇದೇ ಆಸ್ಪತ್ರೆಯಲ್ಲಿ ತೆಗೆದ ಸ್ಕ್ಯಾನ್ ಡಾಕ್ಟರಿಗೆ ಬೇಕಂತೆ. ಚುಕ್ಕೆ ಆಗಲೂ ಇದ್ದರೆ ಮುಟ್ಟುವುದು ಬೇಡ. ಆಗ ಇಲ್ಲದೆ ಈಗ ಬಂದಿದ್ದರೆ ಆಪರೇಷನ್. ಆ ಸ್ಕ್ಯಾನ್ ಇರುವುದು ನನ್ನ ಈ ಕಪಾಟಿನೊಳಗಿನ ಒಂದು ಟೇಪಿನಲ್ಲಿ. ತೆಗೆಯುತ್ತೇನೆ. ಹೇಗೆ ಎಂದು ಗೊತ್ತಿಲ್ಲ, ಆದರೆ ತೆಗೆಯುತ್ತೇನೆ.

ಮಾರ್ಚ್ 4

ಅತ್ತೆ ಬಟ್ಟೆ ಮಡಿಸುತ್ತ ಕೇಳಿದರು, “ಏನಮ್ಮ, ನಿನ್ನ ಪೆಟ್ಟಿಗೆ ಬಾಯಿ ಬಿಡ್ತಾ?”

“ಇಲ್ಲ ಅತ್ತೆ.”

“ಅದಕ್ಕೊಂದು ಕೈ ಇದೆ ಅಂದಿದ್ಯಲ್ಲ? ತೆಗೆದುಕೊಡೋಕೆ ಏನು ರೋಗ?”

“ಮೂರನೇ ಪೆಟ್ಟಿಗೆ ನಮ್ಮದಲ್ಲ ಅಂತ ರಗಳೆ ಮಾಡ್ತಿದೆ. ಅದು ಸರಿಹೋಗೋವರೆಗೂ ಕೈ ಆಡ್ಸಲ್ಲ.”

“ನೀನು ಈ ಮನೆಗೆ ಬಂದ ಹೊಸದ್ರಲ್ಲಿ ನಾನೂ ಹಾಗೇ ಇದ್ದೆ ಬಿಡು.”

ಇಬ್ಬರೂ ನಕ್ಕೆವು. ಆಮೇಲೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡೆ. ಭಯವಾಗುತ್ತಿದೆ. ಇಲ್ಲಾದರೂ ಬರೆದುಬಿಡುತ್ತೇನೆ.

ಮಾರ್ಚ್ 6, ಗುರುವಾರ

ಫರ್ಮ್‌ವೇರ್ — ಪೆಟ್ಟಿಗೆಯೊಳಗಿನ ಪ್ರೋಗ್ರಾಂ — ಕಾರಣ ಇರಬಹುದು ಎಂದುಕೊಂಡೆ. ಪೆಟ್ಟಿಗೆಗಳ ವರ್ಶನ್ ಬೇರೆಬೇರೆ ಇದ್ದರೂ ಹೀಗೇ ಜಗಳ ಆಡುತ್ತವೆ. ಅಪ್‌ಡೇಟ್ ಹಾಕಲು ಹೋದೆ. ಮಿಕ್ಕವೆಲ್ಲ ತೆಗೆದುಕೊಂಡವು, ಮೂರನೆಯದು ಮಾತ್ರ ಜಪ್ಪಯ್ಯ ಅಂದರೂ ಇಲ್ಲ.

ನಮ್ಮ ಕಂಪ್ಯೂಟರ್ ವಿಭಾಗದ ಸಾಹೇಬರು ಬಂದರು. “ಫ್ಯಾಕ್ಟರಿ ರೀಸೆಟ್ ಮಾಡಿ ಬಿಸಾಕ್ರೀ.”

“ಟೇಪ್ ಓದೋಕೆ ಬೇಕಾದ ರಹಸ್ಯ ಕೀ ಎಲ್ಲ ಅದರೊಳಗೇ ಇದೆ ಸರ್. ರೀಸೆಟ್ ಮಾಡಿದ್ರೆ ಅಳಿಸಿಹೋಗುತ್ತೆ. ಆಮೇಲೆ ಒಂದು ಟೇಪೂ ಓದೋಕಾಗಲ್ಲ.”

“ಕೀಗೆ ಕಾಪಿ ಇಲ್ವಾ?”

“ಇದೆ. ಟೇಪಲ್ಲಿದೆ.”

ಸಾಹೇಬರು ಸೀಲಿಂಗ್ ನೋಡಿದರು. ಇದು ಯಾರ ಬುದ್ಧಿವಂತಿಕೆ ಎಂದು ಕೇಳಲಿಲ್ಲ. ಅವರದೇ. ನಾಳೆ ಸಂಜೆಯವರೆಗೆ ಟೈಮ್ ಕೊಟ್ಟು ಹೋದರು. ರೀಸೆಟ್ ಮಾಡಲು ಯಾರನ್ನೂ ಬಿಡುವುದಿಲ್ಲ — ಅಡ್ಡ ಮಲಗಿಯಾದರೂ ಸರಿ.

ಮಾರ್ಚ್ 7, ಮಧ್ಯಾಹ್ನ

ಸಿಕ್ಕಿತು!

ಪ್ರತಿ ಪೆಟ್ಟಿಗೆಯ ವಿವರ ಸ್ಕ್ರೀನಿನಲ್ಲಿ ಒಂದೊಂದಾಗಿ ತೆರೆದೆ. ಮೂರನೆಯದರ ತಯಾರಕರ ಕೋಡ್ ಬೇರೆ. ಇದನ್ನು ಸೋಮವಾರವೇ ನೋಡಿದ್ದೆ... ಮುಂದಿನ ಪ್ಲೇಟಿನ ಮೇಲೆ ಮಿಕ್ಕ ಪೆಟ್ಟಿಗೆಗಳ ಕಂಪನಿಯ ಹೆಸರೇ ಇದೆಯಲ್ಲ, ಸ್ಕ್ರೀನಿಗೇ ತಲೆ ಕೆಟ್ಟಿದೆ ಎಂದು ಬಿಟ್ಟಿದ್ದೆ. ಇವತ್ತು ಪ್ಲೇಟನ್ನೇ ಬಿಚ್ಚಿದೆ. ಹಿಂದಿನ ತಗಡಿನ ಮೇಲೆ ಬೇರೆ ಕಂಪನಿಯ ಸ್ಟಿಕ್ಕರ್. ಒಂದೇ ಕಾರ್ಖಾನೆ ಇಬ್ಬರಿಗೂ ಮಾಡಿಕೊಡುತ್ತದೆ. ಮೈ ಒಂದೇ, ಒಳಗಿನ ಗುರುತು ಬೇರೆ.

ಮೀಸೆಯನ್ನು ಕರೆದೆ. “ಈ ಪ್ಲೇಟ್ ಎಲ್ಲಿಂದ ಬಂತು?”

“ಹಳೇ ಪೆಟ್ಟಿಗೆದು. ಇದರ ಪ್ಲೇಟ್ ಬಣ್ಣ ಬೇರೆ ಇತ್ತು. ಸೋಮವಾರ ಇನ್‌ಸ್ಪೆಕ್ಷನ್ ಇತ್ತಲ್ವಾ... ಎಲ್ಲ ಒಂದೇ ಥರ ಕಾಣ್ಲಿ ಅಂತ ಹಾಕ್ದೆ.”

ಬೈದೆ. ಚೆನ್ನಾಗಿಯೇ ಬೈದೆ. ಮುಖ ಸಣ್ಣ ಮಾಡಿಕೊಂಡು ಕೇಳಿಸಿಕೊಂಡ. ಆಮೇಲೆ ಅವನೇ ಹೇಳಿದ, “ಹಳೇದ್ರಲ್ಲಿ ಹೋಗಿರೋದು ಪವರ್ ಸಪ್ಲೈ ಮಾತ್ರ. ಇದರದ್ದು ಬಿಚ್ಚಿ ಅದಕ್ಕೆ ಹಾಕಿದ್ರೆ?” ಗುಜರಿಯ ಮೂಲೆಯಿಂದ ಹಳೆಯ ಪೆಟ್ಟಿಗೆಯನ್ನು ಇಬ್ಬರೂ ಎಳೆದು ತಂದೆವು.

ಸಂಜೆ

ಹಸಿರು. ಕೈ ಮೇಲಿಂದ ಕೆಳಗೆ ಹೋಗಿ ಬಂತು. ಟೇಪ್ ಎತ್ತಿಕೊಂಡಿತು. ಮೀಸೆ ಚಪ್ಪಾಳೆ ತಟ್ಟಿದ, ನಾನು ನೆಲದ ಮೇಲೇ ಕೂತುಬಿಟ್ಟೆ.

ಮಾರ್ಚ್ 8, ಶನಿವಾರ

ಡಾಕ್ಟರ್ ಎರಡೂ ಸ್ಕ್ಯಾನ್ ಪಕ್ಕಪಕ್ಕ ಇಟ್ಟರು. ಹಳೆಯದರಲ್ಲಿ ಚುಕ್ಕೆ ಇಲ್ಲ. ಏನೂ ಇಲ್ಲ. ಅಂದರೆ ಚುಕ್ಕೆ ಹೊಸದು.

ಇದಕ್ಕೋಸ್ಕರ ಇಷ್ಟು ಒದ್ದಾಡಿದೆನೇ ಅನ್ನಿಸಿತು. ಮುಖ ಮುಚ್ಚಿಕೊಳ್ಳಬೇಕು ಅನ್ನಿಸಿತು. ಡಾಕ್ಟರ್ ಹೇಳಿದರು, “ಇದು ಸಿಗದೇ ಇದ್ದಿದ್ರೆ ಆರು ತಿಂಗಳು ಕಾದು ನೋಡೋಣ ಅಂತಿದ್ದೆ. ಅಷ್ಟರಲ್ಲಿ ಕೈ ಮೀರಿಹೋಗ್ತಿತ್ತು. ಈಗಲೇ ಮಾಡಿದ್ರೆ ಒಳ್ಳೇದಾಗೋ ಸಾಧ್ಯತೆ ಇದೆ. ಮಂಗಳವಾರ ಮಾಡ್ಬಿಡೋಣ.”

ಇವರು ತಮ್ಮಮ್ಮನ ಚೀಲ ಹಿಡಿದುಕೊಂಡು ನಿಂತಿದ್ದರು. ಅತ್ತೆಯೇ ಮೊದಲು ಎದ್ದರು. “ಸರಿ, ಗೊತ್ತಾಯ್ತಲ್ಲ. ನಡೀರಿ.”

ಮಾರ್ಚ್ 11, ಬೆಳಿಗ್ಗೆ, ವಾರ್ಡ್

ಕೂದಲು ತೆಗೆಯಲು ನರ್ಸ್ ಬಂದರು. ಅತ್ತೆ ಮೆಷಿನ್ ಇಸಿದುಕೊಂಡು ನನಗೆ ಕೊಟ್ಟರು. “ಇವಳೇ ತೆಗೀಲಿ. ಇವಳ ಕೈ ನಡುಗಲ್ಲ.”

ಎರಡೂ ಕೈಯಲ್ಲಿ ಮೆಷಿನ್ ಹಿಡಿದೆ. ನಾನೇ ತೆಗೆದೆ, ಒಂದು ಗೀರೂ ಬೀಳದ ಹಾಗೆ. ಬಿಳಿ ಕೂದಲು ಮಡಿಲ ತುಂಬ. ಅತ್ತೆ ಬೋಳುತಲೆ ಸವರಿಕೊಂಡು, “ತಣ್ಣಗಿದೆ ಕಣೇ” ಎಂದರು.

ಸ್ಟ್ರೆಚರ್ ಬಂತು. ಅತ್ತೆ ಕೈ ಚಾಚಿದ್ದಾರೆ. ಆಪರೇಷನ್ ಥಿಯೇಟರ್ ಬಾಗಿಲಿನವರೆಗೂ ಆ ಕೈ ಹಿಡಿದುಕೊಂಡು ನಾನೇ —