ಅಪ್ಪನ ಕೋಟು ಉಳಿಸಿದ್ದು

ಮ್ಯೂಸಿಯಂನ ಹಿಂದಿನ ಕೋಣೆ,
ಮಾರ್ಚ್ ೧೨, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಹಡಗಿನ ಊಟ ಈಗಲಾದರೂ ಹೊಟ್ಟೆಗೆ ಒಗ್ಗಿತಾ, ಇಲ್ಲಾ ಇನ್ನೂ ಇಂಜಿನ್ ಕೋಣೆಯ ಶಾಖದಲ್ಲಿ ಬೆಂದು, ಮೇಲೆ ಬಂದು ಬರೀ ಚಹಾ ಕುಡಿದು ಮಲಗುತ್ತೀಯಾ? ಕೆಮ್ಮಿಗೆ ಡಾಕ್ಟರನ್ನು ಕಂಡೆಯಾ? ನಿನ್ನದು ಗೊತ್ತಿರುವ ವಿಷಯವೇ, ಹಾಸಿಗೆ ಹಿಡಿಯುವ ತನಕ ಬಾಯಿಬಿಡುವವನಲ್ಲ. ನಾನು ಚೆನ್ನಾಗಿದ್ದೇನೆ. ಅಮ್ಮನ ಮಂಡಿನೋವು ಕಡಿಮೆಯಾಗಿದೆ. ಮಾತು ಅದಕ್ಕಿಂತ ಕಡಿಮೆಯಾಗಿದೆ.

ನಮ್ಮ ಮ್ಯೂಸಿಯಂನಲ್ಲಿ ಊರಿನ ಹಳೆಯ ರೈಲುದಾರಿಯ ಬಗ್ಗೆ ಒಂದು ಕೋಣೆ ಮಾಡಿದ್ದೇವೆ. ಮನೆಯಲ್ಲಿರುವುದನ್ನು ಕೊಡಿ ಎಂದು ಕೇಳಿದ್ದೇ ತಡ, ಜನ ಸಾಲುಗಟ್ಟಿದರು. ಲಾಟೀನು, ಹಸಿರು ಬಾವುಟ, ಟಿಕೆಟ್ ಒತ್ತುವ ಯಂತ್ರ ಬಂದವು, ಸಂತೋಷ. ಒಬ್ಬ ಮಹಾರಾಯ ಹಿಡಿಯಿಲ್ಲದ ಕುಕ್ಕರ್ ತಂದು, ಇದೂ ರೈಲಿನ ಹಾಗೇ ಸೀಟಿ ಹಾಕುತ್ತಿತ್ತು ಎಂದ. ಅಮ್ಮ ತಂದದ್ದು ಅಪ್ಪನ ಕೋಟು, ರೈಲ್ವೆ ಗೇಟಿನಲ್ಲಿ ಚಳಿಗಾಲವಿಡೀ ಹಾಕಿಕೊಂಡು ನಿಲ್ಲುತ್ತಿದ್ದನಲ್ಲ, ಆ ದಪ್ಪ ಉಣ್ಣೆಯದು. ಅಪ್ಪ ಹೋದಾಗಿನಿಂದ ಅದು ಬೀರುವಿನಲ್ಲೇ ತೂಗುತ್ತಿತ್ತು. ಕಾಲರಿಗೆ ಹುಳ ಹಿಡಿದಿತ್ತು. "ಮನೇಲಿಟ್ರೆ ಉಳಿಯಲ್ಲ ಕಣೇ, ನೀನೇ ಉಳಿಸು" ಎಂದು ನನ್ನ ಕೈಗೆ ಕೊಟ್ಟಳು.

ಉಳಿಸಿದೆ ಕಣೋ. ಉಣ್ಣೆ ಬಟ್ಟೆ ಬಂದರೆ ನಮ್ಮಲ್ಲಿ ಒಂದು ಕ್ರಮವಿದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಎರಡು ವಾರ ಡೀಪ್ ಫ್ರೀಜರಿನಲ್ಲಿ ಇಡಬೇಕು, ಹುಳವೂ ಅದರ ಮೊಟ್ಟೆಯೂ ಸಾಯುತ್ತವೆ. ಆಮೇಲೆ ಮೇಲೊಂದು ಬಲೆ ಹಾಸಿ, ಧೂಳನ್ನೆಲ್ಲ ಯಂತ್ರದಿಂದ ಮೆಲ್ಲಗೆ ಎಳೆದು, ಘಾಟು ಹೋಗುವ ತನಕ ಗಾಳಿಯಾಡುವ ಕೋಣೆಯಲ್ಲಿ ಹರಡಬೇಕು. ಬೇರೆಯವರ ಕೈಗೆ ಕೊಡದೆ ಎಲ್ಲ ನಾನೇ ಮಾಡಿದೆ. ತೂತುಗಳಿಗೆ ಹಿಂದಿನಿಂದ ತೆಳು ಬಟ್ಟೆ ಕೊಟ್ಟು ಹೊಲಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಗಾಜಿನ ಪೆಟ್ಟಿಗೆಯೊಳಗೆ ಇಡುವ ಮೊದಲು ಅಮ್ಮ ಒಮ್ಮೆ ನೋಡಲಿ ಎಂದು ಕರೆದೆ. ಕೈಗವಸು ಹಾಕಿಕೋ ಎಂದೆ, ಹಾಕಿಕೊಂಡಳು. ಕೋಟನ್ನೆತ್ತಿ ಮುಖಕ್ಕೆ ಒತ್ತಿಕೊಂಡಳು. ಆಮೇಲೆ ತೋಳಿನ ಒಳಗೆ, ಕಂಕುಳಲ್ಲಿ, ಜೇಬಿನಲ್ಲಿ ಮೂಗಿಟ್ಟು ಹುಡುಕಿದಳು. "ಇದು ನಿಮ್ಮಪ್ಪಂದಲ್ಲ" ಎಂದಳು. ಯಾರದ್ದೋ ಜೊತೆ ಅದಲುಬದಲಾಗಿದೆ, ಹೋಗಿ ಹುಡುಕು ಎಂದಳು. ಅವಳೇ ಬೇರೆ ಬಣ್ಣದ ದಾರದಲ್ಲಿ ಹಾಕಿದ್ದ ಗುಂಡಿಯನ್ನು ತೋರಿಸಿದೆ. ಸವರಿ ನೋಡಿದಳು. "ಗುಂಡಿ ನಾನು ಹಾಕಿದ್ದೇ. ಕೋಟು ಅವರದ್ದಲ್ಲ." ದಿನಾ ಸಂಜೆ ಅವಳು ಬೀರು ತೆರೆದು ಒಳಗೆ ತಲೆಯಿಟ್ಟು ನಿಲ್ಲುತ್ತಿದ್ದದ್ದು ಹುಳ ನೋಡಲಿಕ್ಕೆ ಎಂದೇ ತಿಳಿದಿದ್ದೆ. ಹೊಗೆಸೊಪ್ಪು, ಸೀಮೆಎಣ್ಣೆ, ಬೆವರು. ಅವಳಿಗೆ ಅಪ್ಪ ಅಂತ ಉಳಿದಿದ್ದದ್ದು ಅಷ್ಟೇ. ಅದನ್ನೇ ನಾನು ತೆಗೆದುಹಾಕಿದ್ದೆ.

ಕೋಣೆ ತೆರೆದ ದಿನ ಊರಿಗೆ ಊರೇ ಬಂದಿತ್ತು. ಗೇಟಣ್ಣನ ಕೋಟು ಎಂದು ಮಕ್ಕಳಿಗೆ ತೋರಿಸಿದರು, ಎಷ್ಟು ಚೊಕ್ಕವಾಗಿ ಇಟ್ಟಿದ್ದೀಯಮ್ಮ ಎಂದು ನನ್ನನ್ನು ಹೊಗಳಿದರು. ಅಮ್ಮ ಬರಲಿಲ್ಲ. ಈಗಲೂ ಸಂಜೆ ಬೀರು ತೆರೆಯುತ್ತಾಳೆ, ಸ್ವಲ್ಪ ಹೊತ್ತು ನಿಂತು ಮುಚ್ಚುತ್ತಾಳೆ. ನನ್ನ ಮೇಲೆ ಸಿಟ್ಟೂ ಮಾಡುವುದಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹುಷಾರಾಗಿರು. ಹೊತ್ತು ಹೊತ್ತಿಗೆ ತಿನ್ನು. ಎಲ್ಲಿದ್ದರೂ ನಿನಗೆ ಒಳ್ಳೆಯದೇ ಆಗಲಿ.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಹೊರಡುವಾಗ ಅಪ್ಪನ ಮಫ್ಲರ್ ತೆಗೆದುಕೊಂಡು ಹೋದೆಯಲ್ಲ, ಅದನ್ನು ಒಗೆಯಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅಮ್ಮನ ಹೆಸರಿಗೆ, ಮನೆಗೇ ಕಳಿಸು. ಮ್ಯೂಸಿಯಂಗೆ ಬೇಡ. ಒಗೆದುಬಿಟ್ಟಿದ್ದರೆ ಹಾಗೇ ಕಳಿಸಬೇಡ, ನಾಲ್ಕು ದಿನ ನೀನು ಕುತ್ತಿಗೆಗೆ ಸುತ್ತಿಕೊಂಡಿದ್ದು ಆಮೇಲೆ ಕಳಿಸು.