ತಾರಸಿಯ ಮೂರು ಕುಂಡಗಳು

ಮಾರ್ಚ್ 3, ಬೆಳಿಗ್ಗೆ 7

ಕುಂಡಗಳು ಮತ್ತೆ ಒದ್ದೆ! ಮೊನ್ನೆಯಷ್ಟೇ ಶ್ರೀರಾಂಪುರದಿಂದ ತೂತಿನ ಕುಂಡ ತಂದು ಮೂರೂ ಸಿಂಬಿಡಿಯಂ ಆರ್ಕಿಡ್ ಮರಿಗಳನ್ನು ಅವಕ್ಕೆ ಬದಲಾಯಿಸಿದ್ದೆ. ಮಣ್ಣಿನ ಬದಲು ತೊಗಟೆ ಚೂರು, ಇದ್ದಿಲು, ಅಷ್ಟೇ. ಕತ್ತರಿಸಿದ ಬೇರು ಮಾಯುವವರೆಗೆ ಒಂದು ವಾರ ನೀರು ಕೂಡದು. ನಾನು ಹಾಕಿಲ್ಲ. ಮಳೆಯಿಲ್ಲ. ತಾರಸಿಯ ಇನ್ನೊಂದು ಬೀಗದ ಕೈ ಇರುವುದು ಮಹಡಿ ಮನೆಯ ಮೂರ್ತಿಯವರ ಹತ್ತಿರ...

ಮಾರ್ಚ್ 5

ಇವತ್ತೂ ಒದ್ದೆ. ಮರಿ ಕೊಟ್ಟವರು ಮೂರ್ತಿಯವರೇ. ತೀರಿಹೋದ ಹೆಂಡತಿ ಬೆಳೆಸಿದ ಗಿಡದವು. ಕೊಟ್ಟಮೇಲೆ ಹೊಟ್ಟೆ ಉರಿಯುತ್ತಿದೆಯೋ? ನನ್ನ ಕೈಯಲ್ಲಿ ಹೂ ಬಿಡುವುದು ಬೇಡವೋ? ಯಜಮಾನರಿಗೆ ಹೇಳಲಿಲ್ಲ. ಪೂಜೆ, ಪೇಪರ್, ಕಾಫಿ ಬಿಟ್ಟರೆ ಇವರಿಗೆ ಯಾವ ಗೊಡವೆ.

ಮಾರ್ಚ್ 8, 6.45

ಸಿಕ್ಕಿಬಿದ್ದರು! ಕುಂಡ ಬಗ್ಗಿಸಿ ಹಿಡಿದು ಚೊಂಬಿನಿಂದ ನೀರು ಸುರಿಯುತ್ತಿದ್ದರು.

"ಕೊಳೆಸಿ ಸಾಯ್ಸೋಕೇ ಕೊಟ್ರಾ?" ಬಾಯಿಗೆ ಬಂದದ್ದು ಅಂದುಬಿಟ್ಟೆ.

"ಹಾಗಲ್ಲಮ್ಮ..." ಅಂದರು. ಬೀಗದ ಕೈ ನನ್ನ ಕೈಗಿಟ್ಟು ಹೋದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಮಾರ್ಚ್ 17

ಎರಡು ಮರಿ ಹೋದವು. ಗೆಡ್ಡೆ ಒತ್ತಿದರೆ ಪಿಚಕ್ಕೆನ್ನುತ್ತದೆ. ಇರುವೆ ಸಾಲು. ಹುಳಿ ವಾಸನೆ — ಬರೀ ನೀರಿಗೆ ಈ ವಾಸನೆ ಬರುವುದಿಲ್ಲ. ಬೀಗದ ಕೈ ಎರಡೂ ಈಗ ನಮ್ಮ ಮನೆಯಲ್ಲೇ ಇವೆಯಲ್ಲ...

ಮಾರ್ಚ್ 18, ಬೆಳಿಗ್ಗೆ 8

ಆರಕ್ಕೆ ಒಲೆ ಹಚ್ಚದೆ ಟ್ಯಾಂಕಿನ ಹಿಂದೆ ನಿಂತೆ. ಬಂದವರು ನಮ್ಮ ಯಜಮಾನರು! ಮಡಿ ಪಂಚೆ. ಕೈಯಲ್ಲಿ ಸಾಲಿಗ್ರಾಮಕ್ಕೆ ಅಭಿಷೇಕ ಮಾಡಿದ ಹಾಲು. ಉಳಿದ ಕುಂಡಕ್ಕೆ ಸುರಿದರು.

"ಇದೇನ್ರೀ?"

"ತುಳಸಿ ಒಣಗೋಯ್ತಲ್ಲ. ಅಭಿಷೇಕದ್ದು ಯಾರೂ ತುಳೀದೇ ಇರೋ ಕಡೆ ಹಾಕ್ಬೇಕು. ನಿನ್ ಗಿಡಕ್ಕೂ ಒಳ್ಳೇದಾಗ್ಲಿ ಅಂತ... ಮೂರ್ತಿನೂ ಬೇಡ ಅಂದ್ರು. ದೇವ್ರ ಹಾಲಿಂದ ಗಿಡ ಕೆಡುತ್ತೇನ್ರೀ ಅಂದೆ."

ಅಂದರೆ ಮೂರ್ತಿಯವರು ದಿನವೂ ಕುಂಡ ಬಗ್ಗಿಸಿ ಆ ಹಾಲನ್ನೇ ನೀರಿನಿಂದ ತೊಳೆದು ಬಸಿಯುತ್ತಿದ್ದರು. ನಾಚಿಕೆಯಿಂದ ಕುಗ್ಗಿಹೋದೆ.

ಕುಂಡ, ಬೀಗದ ಕೈ ಹಿಡಿದು ಅವರ ಬಾಗಿಲು ತಟ್ಟಿದೆ. ಅವರು ಬೀಗದ ಕೈ ಮುಟ್ಟಲಿಲ್ಲ. ಕುಂಡ ಮೂಸಿ ನೋಡಿದರು.

"ಒಂದ್ ಬೇರು ಇನ್ನೂ ಬೆಳ್ಳಗಿದೆ. ಬಿಟ್ಟೋಗಿ, ಕೊಳೆತಿದ್ದು ಕತ್ತರಿಸ್ತೀನಿ." ಕುಂಡ ಒಳಗಿಟ್ಟು, "ನಮ್ಮವ್ಳೂ ಹೀಗೇ ಹಾಲು ಹಾಕ್ತಿದ್ಲು. ಬೈದು ಅಳಿಸ್ಬಿಟ್ಟಿದ್ದೆ. ನಿಮ್ ಮನೇಲೂ ಆ ಜಗಳ ಯಾಕೆ ಅಂತ ನಿಮ್ಗೆ ಹೇಳ್ಲಿಲ್ಲ..." ಅಂದರು.

ಕ್ಷಮಿಸಿ ಎಂದು ಹೇಳದೆಯೇ ಕೆಳಗಿಳಿದು ಬಂದಿದ್ದೇನೆ. ಸಂಜೆ ಮರಿ ನೋಡುವುದಕ್ಕೆ ಹೋಗಬೇಕು. ಆಗಲಾದರೂ —